ನಾಗಲಕ್ಷ್ಮಿಯ ಸ್ಕ್ರೀನಿನ ವಾಸ್ತು

ನಾಗಲಕ್ಷ್ಮಿಯ ಹೊಟ್ಟೆಕಿಚ್ಚಿನ ಕತೆಯನ್ನು ನಾನು ಹೇಳದೆ ಇನ್ಯಾರು ಹೇಳಬೇಕು? ಇಪ್ಪತ್ತಕ್ಕೂ ಹೆಚ್ಚು ವರ್ಷ ಅವಳ ಬೆನ್ನನ್ನೇ ನೋಡಿಕೊಂಡು ಕೂತವಳು ನಾನು. ಸಂಜಯನಗರದ ಮುಖ್ಯರಸ್ತೆಯಲ್ಲಿ ನಮ್ಮದೊಂದು ಲಗ್ನಪತ್ರಿಕೆ ಅಂಗಡಿ ಇದೆ. ಮದುವೆ, ಗೃಹಪ್ರವೇಶ, ನಾಮಕರಣದ ಕಾರ್ಡುಗಳು, ಜೊತೆಗೆ ಫ್ಲೆಕ್ಸು. ಪ್ರೆಸ್ಸಿನ ಓಡಾಟವೆಲ್ಲ ನಮ್ಮ ಯಜಮಾನರು ಉಮೇಶ್ ಅವರದು. ಕೌಂಟರಿನಲ್ಲಿ ಕೂತು ಸ್ಯಾಂಪಲ್ ತೋರಿಸುವುದು, ಕವರಿಗೆ ಅಂಟು ಹಚ್ಚುವುದು, ಬಂದವರ ಮಾತಿಗೆ ಹೂಂಗುಟ್ಟುವುದು ನನ್ನದು. ಕಂಪ್ಯೂಟರಿನಲ್ಲಿ ಕಾರ್ಡು ತಯಾರು ಮಾಡುವವಳು ನಾಗಲಕ್ಷ್ಮಿ. ಹೆಬ್ಬಾಳದವಳು, ಗಂಡ ಯಶವಂತಪುರದ ಮಂಡಿಯಲ್ಲಿ ಗುಮಾಸ್ತ.

ಹೊಟ್ಟೆಕಿಚ್ಚು ಅಂದರೇನೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಓರಗಿತ್ತಿಯರು ತುಂಬಿದ ಮನೆಗೆ ಸೊಸೆಯಾಗಿ ಬಂದವಳು. ಪಕ್ಕದ ಒಲೆಯ ಒಗ್ಗರಣೆ ಚಟಪಟ ಎಂದರೂ ಎದೆ ಉರಿಯುತ್ತಿದ್ದ ಕಾಲವೊಂದಿತ್ತು. ಆದರೆ ಕಂಪ್ಯೂಟರಿನ ಪರದೆಗೋಸ್ಕರ ಹೊಟ್ಟೆ ಉರಿಸಿಕೊಂಡವರಲ್ಲಿ ನಾನು ಕಂಡದ್ದು ಇವಳೊಬ್ಬಳನ್ನೇ.

ಅವಳ ಡೆಸ್ಕ್‌ಟಾಪನ್ನು ನೀವು ನೋಡಬೇಕಿತ್ತು. ಕಂಪ್ಯೂಟರ್ ಹಾಕಿದ ತಕ್ಷಣ ಕಾಣುತ್ತದಲ್ಲ, ಆ ಮೊದಲ ಪರದೆ. ಬೇರೆಯವರದ್ದರಲ್ಲಿ ಐಕಾನುಗಳು ಬಂದಂತೆ ಬಿದ್ದಿರುತ್ತವೆ. ಇವಳದ್ದರಲ್ಲಿ ಪ್ರತಿಯೊಂದಕ್ಕೂ ದಿಕ್ಕಿತ್ತು. ಬಲಗಡೆಯ ಮೇಲ್ಮೂಲೆ ಈಶಾನ್ಯ. ಅಲ್ಲಿ ಗಣಪತಿಯ ಚಿತ್ರವಿರುವ ಒಂದೇ ಒಂದು ಫೋಲ್ಡರು, ಸುತ್ತಮುತ್ತ ಖಾಲಿ. ಮದುವೆಗಳು ಪೂರ್ವಕ್ಕೆ, ಗೃಹಪ್ರವೇಶಗಳು ಉತ್ತರಕ್ಕೆ. ಕಸದ ಬುಟ್ಟಿಯ ಐಕಾನು ಕಂಪ್ಯೂಟರ್ ಕೊಂಡಾಗ ಎಡ ಮೇಲ್ಮೂಲೆಯಲ್ಲಿತ್ತು. ಅದನ್ನು ಮೊದಲನೆಯ ದಿನವೇ ಎಳೆದು ಕೆಳಕ್ಕೆ ತಂದಿದ್ದಳು.

"ಕಸದ ಡಬ್ಬಾನ ಯಾರಾದ್ರೂ ತಲೆಬಾಗ್ಲಲ್ಲಿ ಇಡ್ತಾರಾ ಅಕ್ಕಾ?" ಎಂದಿದ್ದಳು.

ತಿಥಿಯ ಕಾರ್ಡು, ಶ್ರದ್ಧಾಂಜಲಿ ಫ್ಲೆಕ್ಸು, ಅವುಗಳ ಫೋಟೋಗಳು, ಇವೆಲ್ಲ ಒಂದೇ ಫೋಲ್ಡರಿನಲ್ಲಿ, ಪರದೆಯ ತೀರಾ ಕೆಳಗೆ. ಅದಕ್ಕೆ ‘ದಕ್ಷಿಣ’ ಎಂದು ಹೆಸರಿಟ್ಟಿದ್ದಳು. ಮದುವೆ ಮಾತಿಗೆ ಬಂದವರ ಕಣ್ಣಿಗೆ ಸಾವಿನ ಸುದ್ದಿ ಅಕ್ಷರದಲ್ಲೂ ಬೀಳಬಾರದು ಎಂದು ಅವಳ ಲೆಕ್ಕ. ಮದುವೆಯ ಫೈಲು ತೆರೆದಿರುವಾಗ ಆ ಫೋಲ್ಡರನ್ನು ಮುಟ್ಟುತ್ತಲೇ ಇರಲಿಲ್ಲ. ಅರ್ಜೆಂಟಾಗಿ ತಿಥಿ ಕಾರ್ಡು ಬಂದರೆ ಮದುವೆಯನ್ನು ಮುಚ್ಚಿ, ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದು ಕೂರುತ್ತಿದ್ದಳು.

ನಮ್ಮ ಯಜಮಾನರು ರೇಗಿಸುತ್ತಿದ್ದರು. "ಮಾನಿಟರ್ ಪಶ್ಚಿಮಕ್ಕೆ ಮುಖ ಮಾಡ್ಕೊಂಡಿದೆ ಕಣಮ್ಮ. ನಿನ್ನ ಈಶಾನ್ಯ ಎಲ್ಲಿಂದ ಬಂತು?"

"ಮ್ಯಾಪಲ್ಲಿ ಮೇಲಿರೋದು ಉತ್ತರ ತಾನೇ ಸಾರ್?"

ಅವರ ಬಾಯಿ ಕಟ್ಟಿಸುವವರನ್ನು ಕಂಡರೆ ನನಗೆ ಯಾವತ್ತೂ ಇಷ್ಟವೇ.

ಹಳೆಯ ಗಿರಾಕಿ ಮನೆತನಗಳಿಗೆ ಅವಳು ಬೇರೆ ಬೇರೆ ಐಕಾನುಗಳನ್ನೇ ಕೊಟ್ಟಿದ್ದಳು. ಕೊಡಿಗೇಹಳ್ಳಿಯವರಿಗೆ ಎಮ್ಮೆ, ಜಕ್ಕೂರಿನವರಿಗೆ ಕೆರೆಯ ಕೊಕ್ಕರೆ. ಅಮೃತಹಳ್ಳಿಯ ದೊಡ್ಡಮುನಿಯಪ್ಪನವರ ಮನೆಗೆ ದ್ರಾಕ್ಷಿ ಗೊಂಚಲು. ಅವರ ದ್ರಾಕ್ಷಿ ತೋಟ ಹೋಗಿ ಅಲ್ಲಿ ಅಪಾರ್ಟ್‌ಮೆಂಟು ಎದ್ದು ಎಷ್ಟೋ ಕಾಲವಾಗಿದೆ, ಆದರೆ ನಾಗಲಕ್ಷ್ಮಿಯ ಸ್ಕ್ರೀನಿನಲ್ಲಿ ಗೊಂಚಲು ಹಾಗೇ ಇತ್ತು. ದೊಡ್ಡ ಮನೆತನ. ವರ್ಷಕ್ಕೊಂದು ಶುಭಕಾರ್ಯ ಇದ್ದೇ ಇರುತ್ತಿತ್ತು, ಎಲ್ಲಕ್ಕೂ ಕಾರ್ಡು ಇವಳೇ ಮಾಡಿದ್ದು. ಅವರ ಮಾತು ಬಂದರೆ ಸಾಕು, "ನಮ್ಮ ಅಮೃತಹಳ್ಳಿಯವರು" ಎನ್ನುತ್ತಿದ್ದಳು, ತವರುಮನೆಯವರನ್ನು ಹೇಳುವ ಹಾಗೆ.

ಈ ಯುಗಾದಿ ಕಳೆದ ಮೇಲೆ ನಯನಾ ಸೇರಿದಳು. ಚಿಕ್ಕಜಾಲದಿಂದ ಬಸ್ಸಿನಲ್ಲಿ ಬರುವ ಹುಡುಗಿ, ಡಿಸೈನ್ ಕೋರ್ಸು ಮುಗಿಸಿದವಳು, ಮಾತು ಕಮ್ಮಿ. ಕೆಲಸ ಜಾಸ್ತಿಯಾಗಿತ್ತು, ಒಳಗಿನ ಟೇಬಲ್ಲಿಗೆ ಎರಡನೆಯ ಕಂಪ್ಯೂಟರು ಬಂತು. ಅದನ್ನು ಹಾಕಿದ ದಿನ ನಯನಾ ಮಾಡಿದ ಮೊದಲ ಕೆಲಸ ಏನು ಗೊತ್ತೇ? ಸ್ಕ್ರೀನಿನ ಮೇಲಿದ್ದ ಐಕಾನುಗಳನ್ನೆಲ್ಲ ಗುಡಿಸಿ ಹಾಕಿದ್ದು. ಬೂದುಬಣ್ಣದ ಹಿನ್ನೆಲೆ, ನಡುವೆ ತೆಳ್ಳಗಿನ ಗಡಿಯಾರ, ಕೆಳಗೆ ನಾಲ್ಕೈದು ಪುಟ್ಟ ಗುರುತುಗಳು. ಬೆಳಿಗ್ಗೆ ಬಣ್ಣ ತಿಳಿಯಾಗಿರುತ್ತಿತ್ತು, ಸಂಜೆಯಾಗುತ್ತ ತಾನಾಗಿಯೇ ಕಪ್ಪಾಗುತ್ತಿತ್ತು. ನನಗಂತೂ ಮನೆಮಂದಿಯೆಲ್ಲ ಊರಿಗೆ ಹೋದ ಮೇಲಿನ ಅಡುಗೆಮನೆಯಂತೆ ಕಂಡಿತು. ಆದರೆ ಬಂದವರಿಗೆಲ್ಲ ಅದೇ ಮೆಚ್ಚಿಗೆ.

ಆರ್.ಟಿ. ನಗರದ ಒಬ್ಬಾಕೆ ಮಗನ ಉಪನಯನದ ಕಾರ್ಡಿಗೆ ಬಂದವರು, "ಎಷ್ಟು ನೀಟಾಗಿ ಇಟ್ಕೊಂಡಿದೀಯಮ್ಮ ಸ್ಕ್ರೀನು! ನೋಡಿದ್ರೇನೇ ಮನಸ್ಸಿಗೆ ಹಾಯಾಗುತ್ತೆ" ಎಂದುಬಿಟ್ಟರು. ನಾಗಲಕ್ಷ್ಮಿಯ ಕುರ್ಚಿ ಕಿರ್ ಎಂದಿತು. ಅವಳು ತಿರುಗಲಿಲ್ಲ. ಕಿವಿ ಮಾತ್ರ ಕೆಂಪಗಾದದ್ದು ನನಗೆ ಹಿಂದಿನಿಂದ ಕಂಡಿತು.

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುತ್ತ ಅವಳೇ ಮಾತು ತೆಗೆದಳು. "ಸ್ಕ್ರೀನ್ ಖಾಲಿ ಇದ್ರೆ ನೀಟು ಅಂತಾರೆ. ಕೆಲ್ಸ ಇಲ್ದೋರ ಸ್ಕ್ರೀನು ಖಾಲಿ ಇರದೆ ಇನ್ನೇನಾಗುತ್ತೆ?"

"ಆ ಹುಡುಗಿ ದಿನಕ್ಕೆ ನಿನ್ನಷ್ಟೇ ಕಾರ್ಡು ಮಾಡ್ತಾಳಲ್ಲೇ" ಎಂದೆ. ಬೆಂಕಿಗೆ ತುಪ್ಪ ಹಾಕುವುದರಲ್ಲಿ ನನಗೂ ಒಂದು ಸುಖವಿದೆ.

ಅವತ್ತು ಹುರುಳಿಕಾಳಿನ ಬಸ್ಸಾರು ತಂದಿದ್ದಳು. ನನಗೆ ಬಡಿಸಿದಳು. ನಯನಾಳತ್ತ ಡಬ್ಬಿ ಚಾಚಲೂ ಇಲ್ಲ.

ಮಾರನೆಯ ದಿನದಿಂದ ಶುರುವಾಯಿತು ನೋಡಿ. ನಾಗಲಕ್ಷ್ಮಿಯ ಸ್ಕ್ರೀನಿನ ಹಿಂದೆ ವರ್ಷಗಟ್ಟಲೆ ಇದ್ದದ್ದು ಅವಳ ಮನೆಯ ಕುಂಡದ ದಾಸವಾಳ. ಅದು ಹೋಗಿ ಜಲಪಾತ ಬಂತು. ನಯನಾಳ ಗಡಿಯಾರಕ್ಕೆ ಎದುರಾಗಿ ರೋಮನ್ ಅಂಕಿಯ ಗಡಿಯಾರ. ನಯನಾಳ ಮೌಸಿನ ಬಾಣದ ಗುರುತು ದುಂಡಗಿದ್ದರೆ ಇವಳದ್ದು ಹಸಿರು ಗಿಳಿ. ಮೌಸು ಅಲ್ಲಾಡಿಸಿದರೆ ಅದರ ಹಿಂದೆ ಹೂವಿನ ಎಸಳು ಉದುರುತ್ತಿದ್ದವು. ಜಲಪಾತದ ಜಾಗಕ್ಕೆ ಗರಿಬಿಚ್ಚಿದ ನವಿಲು ಬಂತು. ಮೂಲೆಯಲ್ಲಿ ಒಂದು ದೀಪ ಸದಾ ಉರಿಯುತ್ತಿತ್ತು. ಕಂಪ್ಯೂಟರು ಏದುಸಿರು ಬಿಡತೊಡಗಿತು.

"ಇದೇನು ಕಂಪ್ಯೂಟ್ರಾ, ಕರಗದ ಪಲ್ಲಕ್ಕಿನಾ?" ಎಂದರು ಉಮೇಶ್.

ನಯನಾ ಮಾತ್ರ ಏನೂ ಗೊತ್ತಿಲ್ಲದವಳಂತೆ ಇರುತ್ತಿದ್ದಳು. ಅದೇ ನಾಗಲಕ್ಷ್ಮಿಗೆ ಹೆಚ್ಚು ಉರಿಯುತ್ತಿದ್ದದ್ದು. ಒಂದು ದಿನ ಆ ಹುಡುಗಿ, ಪಾಪ, ಒಳ್ಳೆಯ ಮನಸ್ಸಿನಿಂದಲೇ, "ಅಕ್ಕಾ, ಇಷ್ಟೆಲ್ಲಾ ಹಾಕಿದ್ರೆ ಸಿಸ್ಟಮ್ ಸ್ಲೋ ಆಗುತ್ತೆ. ನಾನು ಕ್ಲೀನ್ ಮಾಡ್ಕೊಡ್ಲಾ?" ಎಂದಳು.

"ನನ್ನ ಮನೆ ಗುಡ್ಸೋಕೆ ನಂಗೆ ಬರುತ್ತಮ್ಮ" ಎಂದಳು ನಾಗಲಕ್ಷ್ಮಿ.

ಹೀಗಿರುವಾಗ ಅಮೃತಹಳ್ಳಿಯಿಂದ ಫೋನು ಬಂತು. ದೊಡ್ಡಮುನಿಯಪ್ಪನವರ ಮೊಮ್ಮಗಳು ಮೋನಿಷಾಗೆ ಮದುವೆ ಗೊತ್ತಾಗಿದೆ, ಕಾರ್ಡಿಗೆ ಮನೆಯವರೆಲ್ಲ ಬರುತ್ತೇವೆ ಎಂದು. ಉಮೇಶ್ ಅವರು ಒಂದು ಮಾತು ಸೇರಿಸಿದರು. "ಈಗಿನ ಹುಡುಗಿ, ಅವಳಿಗೆ ನಯನಾ ಮಾಡೋ ಥರದ್ದು ಹಿಡಿಸ್ಬಹುದು. ಅವ್ರು ಯಾವ ಟೇಬಲ್ಲಿಗೆ ಹೋಗ್ತಾರೋ ಆ ಟೇಬಲ್ಲಿನೋರೇ ಮಾಡ್ಲಿ."

ನಾಗಲಕ್ಷ್ಮಿ ಕೀಬೋರ್ಡಿನಿಂದ ಕೈ ತೆಗೆದಳು. ಅವರು ಹೊರಗೆ ಹೋದ ಮೇಲೆ ನನ್ನ ಹತ್ತಿರ ಬಂದಳು. "ಅಕ್ಕಾ, ಬೇರೆ ಯಾರ ಕಾರ್ಡ್ ಬೇಕಾದ್ರೂ ಅವಳು ಮಾಡ್ಲಿ. ನಮ್ಮ ಅಮೃತಹಳ್ಳಿಯವರು ಅವಳ ಟೇಬಲ್ಲಿಗೆ ಹೋದ್ರೆ ನಾನು ನಾಳೆಯಿಂದ ಬರಲ್ಲ."

ಬಾಯಿಮಾತಿಗೆ ಹೇಳುವವಳಲ್ಲ ಅವಳು. ನನಗೆ ಆ ಕ್ಷಣ ಸಿಟ್ಟೇ ಬಂತು, ಗಿರಾಕಿಗಳನ್ನೂ ಗಂಡನ ಹಾಗೆ ಕಾಯುತ್ತಾಳಲ್ಲ ಎಂದು.

ಅವರು ಬರುವ ಹಿಂದಿನ ದಿನ ಅವಳು ಇಡೀ ಡೆಸ್ಕ್‌ಟಾಪನ್ನು ಖಾಲಿ ಮಾಡಲು ಕೂತಳು. ನಯನಾಳದ್ದಕ್ಕಿಂತ ಖಾಲಿಯಾಗಬೇಕು, ಆದರೆ ಅವಳದ್ದರಂತೆ ಬೋಳಾಗಬಾರದು. ಹಿನ್ನೆಲೆಯಲ್ಲಿ ತಾನು ಮಾಡಿದ ಕಾರ್ಡುಗಳ ಮದುಮಕ್ಕಳ ಫೋಟೋಗಳು ಒಂದಾದ ಮೇಲೊಂದು ತಾನಾಗಿಯೇ ಬದಲಾಗುವಂತೆ ಮಾಡಿದಳು. ‘ಫೋಟೋಗಳು’ ಎಂಬ ಫೋಲ್ಡರಿನಲ್ಲಿ ಎಲ್ಲ ಚೆಂದದ ಮುಖಗಳನ್ನು ತುಂಬಿ ಅದನ್ನೇ ತೋರಿಸು ಎಂದು ಕಂಪ್ಯೂಟರಿಗೆ ಹೇಳಿದಳು. ಪರದೆಯ ಮೇಲೆ ಉಳಿದಿದ್ದ ಇತರ ಫೋಲ್ಡರುಗಳನ್ನು ಎಲ್ಲಿ ಇಡುವುದು? ಅವಸರದಲ್ಲಿ ಅವನ್ನೂ ಬಾಚಿ ಅದರೊಳಕ್ಕೇ ಎಳೆದು ಹಾಕಿದಳು. ಎಷ್ಟೋ ವರ್ಷ ಪರದೆಯ ಕೆಳಗೆ ತೆಪ್ಪಗಿದ್ದ ‘ದಕ್ಷಿಣ’ವೂ ಒಳಗೆ ಹೋಯಿತು. ಫೋಲ್ಡರಿನೊಳಗಿನ ಫೋಲ್ಡರಿನ ಚಿತ್ರಗಳನ್ನೂ ಕಂಪ್ಯೂಟರು ಬಿಡದೆ ತೋರಿಸುತ್ತದೆ ಎನ್ನುವುದು ಅವಳಿಗೆ ಹೊಳೆಯಲಿಲ್ಲ. ಸ್ಪರ್ಧೆಯ ಅಮಲಿನಲ್ಲಿ ವಾಸ್ತುವೂ ಮರೆತುಹೋಗಿತ್ತು.

ಮಾರನೆಯ ದಿನ ಅವರು ಬಂದರು. ದೊಡ್ಡಮುನಿಯಪ್ಪನವರು, ಅವರ ಸೊಸೆ ಮುನಿಕೃಷ್ಣಮ್ಮ, ಮದುಮಗಳು ಮೋನಿಷಾ. ಮೋನಿಷಾ ಒಳಗೆ ಕಾಲಿಟ್ಟವಳೇ ನೇರ ನಯನಾಳ ಟೇಬಲ್ಲಿಗೆ ಹೋದಳು. "ವಾವ್, ಎಷ್ಟು ಕ್ಲಾಸಿಯಾಗಿದೆ ಇದು! ಮಮ್ಮೀ, ಇಲ್ಲೇ ಮಾಡ್ಸೋಣ." ಮುನಿಕೃಷ್ಣಮ್ಮನೂ ಅತ್ತಲೇ ಸರಿದರು.

ಮುದುಕರಿಗೆ ಮಂಡಿನೋವು. ಬಾಗಿಲ ಹತ್ತಿರವೇ ಇದ್ದ ನಾಗಲಕ್ಷ್ಮಿಯ ಟೇಬಲ್ಲಿನ ಪಕ್ಕ, ಪರದೆ ಕಾಣುವಂತೆ ಕುರ್ಚಿ ಎಳೆದುಕೊಂಡು ಕೂತುಬಿಟ್ಟರು. ನಾಗಲಕ್ಷ್ಮಿ ಅವರನ್ನು ನೋಡಿ ನಕ್ಕಳು. ಆ ನಗು ಹೇಗಿತ್ತೆಂದರೆ, ನನಗೇ ಅಳು ಬರುವಂತಿತ್ತು. ಅವಳ ಕಣ್ಣೆಲ್ಲ ಒಳಗಿನ ಟೇಬಲ್ಲಿನ ಮೇಲೇ. ಅವಳ ಬೆನ್ನ ಹಿಂದೆ ಪರದೆಯಲ್ಲಿ ಮದುಮಕ್ಕಳು ಒಬ್ಬೊಬ್ಬರಾಗಿ ಬಂದು ಹೋಗುತ್ತಿದ್ದರು, ನೋಡುವವರೇ ಇರಲಿಲ್ಲ.

ಆಗ ಪರದೆ ಬದಲಾಯಿತು. ತುಂಬುತೋಳಿನ ರವಿಕೆ ತೊಟ್ಟ ಒಬ್ಬ ಹಿರಿಯ ಹೆಂಗಸು, ಬಾಯಿ ತುಂಬ ನಗುತ್ತ, ಪರದೆಯ ಈ ತುದಿಯಿಂದ ಆ ತುದಿಯವರೆಗೆ. ಪಕ್ಕದಲ್ಲಿ ರುಮಾಲು ಸುತ್ತಿದ ಗಂಡ. ಎರಡು ವರ್ಷದ ಹಿಂದೆ ತೀರಿಕೊಂಡ ಲಕ್ಷ್ಮಿದೇವಮ್ಮ, ದೊಡ್ಡಮುನಿಯಪ್ಪನವರ ಹೆಂಡತಿ. ಅವರ ಶ್ರದ್ಧಾಂಜಲಿ ಫ್ಲೆಕ್ಸು ಮಾಡಿದ್ದು ಇದೇ ಕಂಪ್ಯೂಟರಿನಲ್ಲಿ.

ಮುನಿಕೃಷ್ಣಮ್ಮ ತಿರುಗಿ ನೋಡಿದವರೇ ಚೀರಿದರು. "ಅಯ್ಯೋ ನಿನ್ ಮನೆ ಕಾಯ್ವೋಗ! ಮದ್ವೆ ಕಾಡ್ ಮಾಡ್ಸಕೆ ಬಂದ್ರೆ ತೀರ್ಕಂಡೋರ ಪೋಟ ತೋರುಸ್ತೀಯಾ? ಎಂತಾ ಅಪಸಕುನ! ನಡಿಯೇ ಮೋನಿಷಾ, ಬ್ಯಾರೆ ಅಂಗಡಿಗೆ ಓಗಾನ."

ನಾಗಲಕ್ಷ್ಮಿ ಮೌಸು ಹಿಡಿದಳು. ಗಿಳಿ ಪರದೆಯ ತುಂಬ ಹಾರಾಡಿತು, ಹೂವಿನ ಎಸಳು ಉದುರಿದವು, ಎಲ್ಲಿ ಒತ್ತಬೇಕೋ ಅಲ್ಲಿಗೆ ಮಾತ್ರ ಹೋಗಿ ಕೂರಲಿಲ್ಲ. ನಯನಾ ಓಡಿ ಬಂದು ಕೀಬೋರ್ಡಿಗೆ ಕೈ ಹಾಕಿದಳು.

"ತಗೀಬ್ಯಾಡವ್ವ. ಬುಡು, ಅಂಗೇ ಇರ್ಲಿ" ಎಂದರು ದೊಡ್ಡಮುನಿಯಪ್ಪ. ಕನ್ನಡಕ ಸರಿಮಾಡಿಕೊಂಡು ಪರದೆಯ ಹತ್ತಿರಕ್ಕೆ ಬಗ್ಗಿದರು. ನಯನಾ ಅದು ಬದಲಾಗದಂತೆ ನಿಲ್ಲಿಸಿ ಹಿಂದೆ ಸರಿದಳು.

"ಇದ್ರಾಗೆ ನಾನೂ ಇದ್ದೀನಲ್ಲ" ಎಂದರು ಮುದುಕರು. "ಫ್ಲೆಕ್ಸಲ್ಲಿ ಇರ್ಲಿಲ್ಲ. ಗ್ವಾಡೇಲಿರೋ ಪೋಟದಾಗೂ ಇಲ್ಲ."

ಶ್ರದ್ಧಾಂಜಲಿ ಫ್ಲೆಕ್ಸಿನ ಪದ್ಧತಿ ನಮ್ಮಂಥವರಿಗೆ ಗೊತ್ತು. ಹಳೆಯ ಕಾಲದ ಹೆಂಗಸರಿಗೆ ಒಬ್ಬರೇ ನಿಂತು ತೆಗೆಸಿಕೊಂಡ ಫೋಟೋ ಇರುವುದಿಲ್ಲ. ಯಾವುದೋ ಮದುವೆಯ ಫೋಟೋದಿಂದ ಅವರೊಬ್ಬರನ್ನೇ ಕತ್ತರಿಸಿ ತೆಗೆಯಬೇಕು. ಬದುಕಿರುವವರು ಪಕ್ಕದಲ್ಲಿ ಇರಕೂಡದು.

"ಕತ್ತರಿಸ್ಬೇಕಾಯ್ತು ಸ್ವಾಮಿ" ಎಂದಳು ನಾಗಲಕ್ಷ್ಮಿ.

"ನನ್ನ ಜಾಗ್ದಾಗೆ ಏನಿಕ್ಕಿದೆ?"

"ಮೋಡ."

"ಮೋಡ!" ಎಂದರು. ಆ ಮುಖ ನಾನು ಮರೆಯುವುದಿಲ್ಲ. ಎಂಬತ್ತು ದಾಟಿದ ಆ ಮನುಷ್ಯನಿಗೆ ಮೋಡದ ಮೇಲೆ ಹೊಟ್ಟೆಕಿಚ್ಚಾಗಿತ್ತು. "ನಡುಮನೇಲಿ ದಿನಾ ಆ ಪೋಟ ನೋಡ್ತೀನಿ. ಇವ್ಳು ಯಾತುಕ್ಕೆ ಇಂಗೆ ನಗ್ತಾವ್ಳೆ ಅಂತ ತಿಳೀತಾನೇ ಇರ್ಲಿಲ್ಲ. ನೋಡು, ನನ್ನ ರುಮಾಲು ಜಾರೈತೆ. ಅದ ನೋಡಿ ನಗ್ತಾವ್ಳೆ. ನೀವು ನನ್ನ ಕುಯ್ದಾಕಿ, ಮೋಡ ನೋಡ್ಕಂಡು ನಗೋ ಉಚ್ಚಿ ಮಾಡ್ಬುಟ್ರಲ್ಲ ಅವ್ಳನ್ನ."

ಮೋನಿಷಾ ಬಂದು ತಾತನ ಹೆಗಲ ಮೇಲೆ ಕೈಯಿಟ್ಟು ನಿಂತು, "ಅಜ್ಜಿ ಎಷ್ಟು ಕ್ಯೂಟಾಗಿದಾರೆ ತಾತ" ಎಂದಳು.

"ಆಶೀರ್ವಾದ ಅಂತ ಆಕ್ತಾರಲ್ಲ ಕಾಡಲ್ಲಿ, ಅಲ್ಲಿಗೆ ಇದೇ ಪೋಟ ಆಕ್ಬೇಕು. ನನ್ನ ಕುಯ್ಯದಲೆ. ಈ ಯಮ್ಮನೇ ಮಾಡ್ಲಿ ಕಾಡ" ಎಂದರು ದೊಡ್ಡಮುನಿಯಪ್ಪ. ಮುನಿಕೃಷ್ಣಮ್ಮ ಮೂಗು ಮುರಿದರು, ಆದರೆ ಮಾವನ ಮಾತಿಗೆ ಎದುರಾಡಲಿಲ್ಲ.

ನಾಗಲಕ್ಷ್ಮಿ ನೆಟ್ಟಗೆ ಕೂತಳು. ಕೂತವಳೇ ಮೊದಲು ನೋಡಿದ್ದು ನಯನಾಳ ಮುಖವನ್ನು. ಅವಳಿಗೆ ಎಷ್ಟು ಉರಿದಿದೆ ಎಂದು ಅಳತೆ ಹಾಕುವ ನೋಟ. ಹುಡುಗಿ ಕಣ್ಣೊರೆಸಿಕೊಳ್ಳುತ್ತಿದ್ದಳು, ಅದೂ ಆ ಮುದುಕರನ್ನು ನೋಡಿ. ನಾಗಲಕ್ಷ್ಮಿಗೆ ಅದರಿಂದ ನಿರಾಸೆಯೇ ಆಗಿರಬೇಕು.

ಎಲ್ಲ ಬರೆಸಿ ಮುಗಿಸಿ ಅವರು ಹೊರಟರು. ಬಾಗಿಲ ಹತ್ತಿರ ದೊಡ್ಡಮುನಿಯಪ್ಪನವರು ನಿಂತು, ಫೋಟೋ ನಿಲ್ಲಿಸಿಕೊಟ್ಟಿದ್ದ ನಯನಾಳ ಕಡೆ ತಿರುಗಿದರು.

"ನಿನ್ನೆಸ್ರೇನವ್ವ?"

"ನಯನಾ ಅಂತ ತಾತ."

"ಯಾವೂರು?"

"ಚಿಕ್ಕಜಾಲ. ಲಕ್ಕಣ್ಣನವರ ಮೊಮ್ಮಗಳು."

"ಉಣಸೇಮರದ ಮನೆ ಲಕ್ಕಣ್ಣನ ಮೊಮ್ಮಗ್ಳಾ! ಏಳ್ಬಾರ್ದಾ ಮದ್ಲೇ? ನಿಮ್ ತಾತನೂ ನಾನೂ ಒಂದೇ ಗಾಡೀಲಿ ದ್ರಾಕ್ಷಿ ಏರ್ಕಂಡು ಮಾರ್ಕೆಟ್ಗೆ ಓಗ್ತಿದ್ವು." ತಲೆಯ ಮೇಲೆ ಕೈಯಿಟ್ಟರು. "ನಯನಾ. ಚೆಂದಾಗೈತೆ ಎಸ್ರು. ಮದ್ವೆಗೆ ತಪ್ಪದಲೆ ಬರ್ಬೇಕು."

ಅವರ ಕಾರು ಹೋಯಿತು. ನಾಗಲಕ್ಷ್ಮಿ ಪರದೆಯ ಮುಂದೆ ಕಲ್ಲಿನಂತೆ ಕೂತಿದ್ದಳು.

"ಗೆದ್ಯಲ್ಲೇ! ಇನ್ನೇನು ನಿನ್ನ ಗೋಳು?" ಎಂದು ನಾನು ರೇಗಿಸಿದೆ.

ನಯನಾ ಟೀ ತರಲು ಹೊರಗೆ ಹೋದಳು. ಆಮೇಲೆ ನಾಗಲಕ್ಷ್ಮಿ ಸಣ್ಣ ದನಿಯಲ್ಲಿ ಹೇಳಿದಳು. "ಅಕ್ಕಾ, ಆ ಮನೇಲಿ ಹುಟ್ಟಿದ ಮಕ್ಳ ಹೆಸ್ರೆಲ್ಲ ಮೊದಲು ಅಚ್ಚಿಗೆ ಕಳ್ಸಿದ್ದು ನಾನು. ಸತ್ತೋರ ಹೆಸ್ರೂ ನಾನೇ ಟೈಪ್ ಹೊಡ್ದಿದೀನಿ. ಅವ್ರ ಸೋದರತ್ತೆ, ಷಡ್ಡಕ, ಬೀಗರು, ಎಲ್ಲರ ಹೆಸ್ರೂ ನಂಗೆ ಬಾಯಿಪಾಠ. ನನ್ನ ಹೆಸ್ರೇನು ಅಂತ ಒಂದಿನ ಕೇಳ್ಲಿಲ್ಲ. ಅವಳದ್ದು ನೋಡಿದ ಮೊದಲ್ನೇ ದಿನಾನೇ ಕೇಳಿದ್ರು."

ನನಗೆ ಅವಳ ಮೇಲೇ ಸಿಟ್ಟು ಬಂದು, "ನೀನಾದ್ರೂ ಬಾಯ್ಬಿಟ್ಟು ಹೇಳ್ಬೇಕಿತ್ತು" ಎಂದೆ.

"ಕೇಳ್ದೆ ಇದ್ರೆ ಹೆಂಗಕ್ಕಾ ಹೇಳೋದು?"

ಆಮೇಲೆ ಅವಳು ಕೆಲಸಕ್ಕೆ ತಿರುಗಿದಳು. ಆ ಕಾರ್ಡನ್ನು ಮಾಡಿದ ಬಗೆಯಲ್ಲಿ ಏನೂ ಕೊರತೆಯಿರಲಿಲ್ಲ. ಹಳೆಯ ಫೋಟೋದ ಬಿರುಕುಗಳನ್ನು ಒಂದೊಂದಾಗಿ ಮುಚ್ಚಿದಳು. ಜಾರಿದ ರುಮಾಲನ್ನು ಮಾತ್ರ ಸರಿಮಾಡಲಿಲ್ಲ.

ಎರಡು ದಿನ ಬಿಟ್ಟು ಬೆಳಿಗ್ಗೆ ಕೌಂಟರಿನ ಮೇಲಿನ ಫೋನು ಹೊಡೆದುಕೊಂಡಿತು. ನನ್ನ ಎರಡೂ ಕೈಗೆ ಅಂಟು, ಕಿರುಬೆರಳಿನಿಂದ ಒತ್ತಿ ಸ್ಪೀಕರಿಗೆ ಹಾಕಿದೆ. ಮುನಿಕೃಷ್ಣಮ್ಮ.

"ಕಾಡ್ಗೆ ಒಬ್ರ ಎಸ್ರು ಸೇರುಸ್ಬೇಕಿತ್ತು. ಆ ಯಮ್ಮುಂಗೆ ಒಸಿ ಕೊಡಿ."

"ಯಾವಮ್ಮಂಗೆ?"

"ಅದೇ, ಕಂಪೂಟ್ರು ಕುಟ್ಟೋ ಯಮ್ಮುಂಗೆ."

ನನಗೆ ಎಲ್ಲಿತ್ತೋ ರೋಷ. "ಅಂಥೋರು ಇಲ್ಲಿ ಯಾರೂ ಇಲ್ಲ. ನಾಗಲಕ್ಷ್ಮಿ ಅಂತ ಒಬ್ರಿದಾರೆ. ಅವ್ರಿಗೆ ಕೊಡ್ಲಾ?" ಎಂದೆ.

ಮುನಿಕೃಷ್ಣಮ್ಮ ನಿಜವಾಗಿಯೂ ಗೊತ್ತಿಲ್ಲದವರ ದನಿಯಲ್ಲಿ ಕೇಳಿದರು.

"ನಾಗಲಕ್ಸ್ಮಿನಾ? ಅವ್ರ್ಯಾರು, ಒಸ್ದಾಗಿ ಸೇರ್ಕಂಡವ್ರಾ?"

ಅಂಗಡಿಯಲ್ಲಿ ಎಲ್ಲರಿಗೂ ಕೇಳಿಸಿತು. ನಯನಾ ತಲೆ ತಗ್ಗಿಸಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ನಾಗಲಕ್ಷ್ಮಿಯೇ ಎದ್ದು ಬಂದು ಕೌಂಟರಿನ ಮೇಲೆ ಬಗ್ಗಿದಳು.

"ಹೂನಮ್ಮ, ಹೊಸಬಳೇ" ಎಂದಳು ಫೋನಿಗೆ. "ಯಾರ ಹೆಸ್ರು ಸೇರಿಸ್ಬೇಕು, ಹೇಳಿ."